ಅತಿ ಹುರುಪೂ ಕಾಯಿಲೆಯಾಗಬಹುದು



ಮನೆಯ ಹಸು ಒಂದು ಹೊತ್ತು ಮೇವು ಬಿಟ್ಟರೆ ನಮಗೆ ಕೂಡಲೇ ಗೊತ್ತಾಗುತ್ತದೆ. ಮೆಲುಕು ಹಾಕುವುದು ನಿಂತರೆ ಕಿವಿ ಮುಟ್ಟಿ ನೋಡುತ್ತೇವೆ, ಸಂಜೆಯೊಳಗೆ ದನದ ಡಾಕ್ಟರನ್ನು ಕರೆತರುತ್ತೇವೆ. ತೆಂಗಿನ ಗರಿ ಹಳದಿಯಾದರೆ ಬುಡ ಕೆದಕಿ ಬೇರು ನೋಡುತ್ತೇವೆ. ಆದರೆ ಅದೇ ಮನೆಯ ಮಗನೊಬ್ಬ ಹತ್ತು ದಿನದಿಂದ ರಾತ್ರಿ ಎರಡು ಗಂಟೆಗಿಂತ ಹೆಚ್ಚು ಮಲಗಿಲ್ಲ, ಆದರೂ ಆಯಾಸವೇ ಇಲ್ಲ ಎನ್ನುತ್ತಾನೆ ಎಂದರೆ ನಾವೇನು ಮಾಡುತ್ತೇವೆ? "ದುಡಿದರೆ ಇವನ ಹಾಗೆ ದುಡಿಯಬೇಕು" ಎಂದು ಹೊಗಳುತ್ತೇವೆ. ಈ ಸಲ ಆ ಹೊಗಳಿಕೆಯ ಬಗ್ಗೆಯೇ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ.

ನಮ್ಮ ಮನೆಯಲ್ಲಿ ನಡೆದದ್ದು

ನನ್ನ ಚಿಕ್ಕಪ್ಪನಿಗೆ ಆಗ ಇಪ್ಪತ್ತಾರು ವರ್ಷ. ಕೊಂಬೈಯಲ್ಲಿ ಎರಡೂವರೆ ಎಕರೆ ತೆಂಗಿನ ತೋಟ, ಬೆಟ್ಟದ ಮೇಲೆ ಗುತ್ತಿಗೆಗೆ ಹಿಡಿದ ಸ್ವಲ್ಪ ಏಲಕ್ಕಿ. ಮಾತು ಕಡಿಮೆ, ಕೆಲಸ ಜಾಸ್ತಿ. ಒಂದು ವರ್ಷ ಏಲಕ್ಕಿ ಕೊಯ್ಲಿನಲ್ಲಿ ಕಾಯಿ ಒಣಗಿಸುವ ಮನೆಯ ಬೆಂಕಿ ಕಾಯಲು ಐದಾರು ರಾತ್ರಿ ಸತತವಾಗಿ ಎಚ್ಚರವಿದ್ದರು. ಕೊಯ್ಲು ಮುಗಿಯಿತು, ಆದರೆ ಅವರಿಗೆ ಮತ್ತೆ ನಿದ್ದೆ ಬೇಕೆನಿಸಲೇ ಇಲ್ಲ.

ಬೆಳಗಿನ ಜಾವ ಎರಡು ಗಂಟೆಗೆ ಎದ್ದು ತೋಟದಲ್ಲಿ ಬದು ಕಟ್ಟುತ್ತಿದ್ದರು. ಸುಮ್ಮನಿರುತ್ತಿದ್ದವರು ಎಡೆಬಿಡದೆ ಮಾತಾಡತೊಡಗಿದರು. ದ್ರಾಕ್ಷಿ ಹಾಕುತ್ತೇನೆ, ಜೀಪು ಕೊಳ್ಳುತ್ತೇನೆ, ಊರಿಗೊಂದು ಶಾಲೆ ಕಟ್ಟಿಸುತ್ತೇನೆ ಎಂದರು. ಒಂದೇ ತಿಂಗಳಲ್ಲಿ ಎರಡು ಕಡೆ ಬೋರು ಕೊರೆಸಿದರು. ಗುಡಿಯ ಹಬ್ಬಕ್ಕೆ ಯಾರೂ ಕೊಡದಷ್ಟು ಕಾಣಿಕೆ ಕೊಟ್ಟರು, ನಾವೆಲ್ಲ ಹೆಮ್ಮೆಪಟ್ಟೆವು. ಜೀಪಿಗೆ ಹಣ ಸಾಲದೆ ಬಂದಾಗ ಒಂದು ಎಕರೆ ತೋಟವನ್ನು ಅರ್ಧ ಬೆಲೆಗೆ ಬರೆದುಕೊಟ್ಟರು. ಬೇಡವೆಂದ ನಮ್ಮ ತಂದೆಯವರ ಮೇಲೆ ಕೈಯೆತ್ತಿದರು. ಅವರು ಅಣ್ಣನಿಗೆ ಎದುರು ಮಾತಾಡಿದ್ದು ಅದೇ ಮೊದಲು.

ಮೂರು ತಿಂಗಳ ನಂತರ ಅದೇ ಮನುಷ್ಯ ಗೋಡೆಗೆ ಮುಖ ಮಾಡಿ ಮಲಗಿದರು. ನೀರಿನ ಸರದಿ ಬಂದರೂ ಏಳಲಿಲ್ಲ. ಊಟ ಸೇರಲಿಲ್ಲ. "ನಾನಿದ್ದು ಯಾರಿಗೂ ಉಪಯೋಗವಿಲ್ಲ" ಎನ್ನುತ್ತಿದ್ದರು. ಸಾಲ ಮಾಡಿ ನಾಟಕವಾಡುತ್ತಿದ್ದಾನೆ ಎಂದರು ಕೆಲವರು. ಕಣ್ಣು ಬಿದ್ದಿದೆ ಎಂದರು ಇನ್ನು ಕೆಲವರು. ತಾಯಿತ ಕಟ್ಟಿಸಿದೆವು. ಸ್ವಲ್ಪ ಚೇತರಿಸಿಕೊಂಡ ಮೇಲೆ "ಮದುವೆಯಾದರೆ ಸರಿಹೋಗುತ್ತಾನೆ" ಎಂದು ಹಿರಿಯರು ಮದುವೆ ಮಾಡಿದರು.

ಎರಡು ವರ್ಷದಲ್ಲಿ ಮತ್ತೆ ಮಂಕು ಕವಿಯಿತು. ಆಗ ಒಬ್ಬ ವೈದ್ಯರ ಬಳಿ ಕರೆದುಕೊಂಡು ಹೋದೆವು. ಊಟವಿಲ್ಲ, ಉತ್ಸಾಹವಿಲ್ಲ, ಅಳುತ್ತಾರೆ ಎಂದು ಹೇಳಿದೆವು. ಹಿಂದಿನ ಹುರುಪಿನ ದಿನಗಳನ್ನು ಹೇಳಲಿಲ್ಲ. ಅದೂ ಕಾಯಿಲೆ ಎಂದು ನಮಗೆ ಹೊಳೆದಿರಲಿಲ್ಲ. ಮಂಕು ಕಳೆಯುವ ಮಾತ್ರೆ ಮಾತ್ರ ಕೊಟ್ಟರು. ಕೆಲವೇ ವಾರಗಳಲ್ಲಿ ಚಿಕ್ಕಪ್ಪ ಮತ್ತೆ ರಾತ್ರಿಯಿಡೀ ಎಚ್ಚರ, ಮತ್ತೆ ಸಾಲ, ಮತ್ತೆ ಜಗಳ.

ಕಾಯಿಲೆಯನ್ನು ಕೊನೆಗೆ ಹಿಡಿದವರು ಏಳನೇ ಇಯತ್ತೆ ಓದಿದ ನಮ್ಮ ಚಿಕ್ಕಮ್ಮ. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲಿಯೇ ಗಂಡ ಪ್ರತಿ ರಾತ್ರಿ ಎಷ್ಟು ಗಂಟೆ ಮಲಗಿದರು ಎಂದು ಗುರುತು ಹಾಕುತ್ತಾ ಬಂದಿದ್ದರು. ಅದನ್ನು ಸುತ್ತಿ ಚೀಲದಲ್ಲಿಟ್ಟುಕೊಂಡು ಮನೋವೈದ್ಯರೊಬ್ಬರ ಮುಂದೆ ಬಿಚ್ಚಿದರು. ವೈದ್ಯರು ಹಾಳೆಗಳನ್ನು ತಿರುವಿ ನೋಡಿ, "ಅಮ್ಮಾ, ಅರ್ಧ ರೋಗ ನೀವೇ ಕಂಡುಹಿಡಿದಿದ್ದೀರಿ" ಎಂದರಂತೆ. ಮೊದಲ ಹುರುಪಿನಿಂದ ಆ ದಿನದವರೆಗೆ ಏಳು ವರ್ಷ ಕಳೆದಿತ್ತು. ಹೋದ ಎಕರೆ ಹೋಯಿತು. ಮನುಷ್ಯ ಉಳಿದರು.

ಈ ಕಾಯಿಲೆ ಯಾವುದು?

ಇದಕ್ಕೆ ಬೈಪೋಲಾರ್ ಕಾಯಿಲೆ ಎನ್ನುತ್ತಾರೆ. ಒಂದೇ ಕಾಯಿಲೆಗೆ ಎರಡು ಮುಖ. ಒಂದು ಉನ್ಮಾದ, ಅಂದರೆ ಮಿತಿಮೀರಿದ ಹುರುಪು. ಇನ್ನೊಂದು ಖಿನ್ನತೆ, ಅಂದರೆ ಏಳಲಾರದ ಮಂಕು. ನಡುವೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮನುಷ್ಯ ಮೊದಲಿನಂತೆಯೇ ಇರುತ್ತಾನೆ. ಹಾಗಾಗಿಯೇ ಮನೆಯವರು ಮೋಸಹೋಗುತ್ತಾರೆ. ಸಾಮಾನ್ಯವಾಗಿ ಹದಿನೈದರಿಂದ ಮೂವತ್ತು ವರ್ಷದೊಳಗೆ ಶುರುವಾಗುತ್ತದೆ. ಗಂಡಸರು, ಹೆಂಗಸರು ಇಬ್ಬರಿಗೂ ಬರುತ್ತದೆ. ಕೆಲವು ಕುಟುಂಬಗಳಲ್ಲಿ ರಕ್ತಸಂಬಂಧದಲ್ಲಿ ಹರಿದು ಬರುವುದುಂಟು. ಆದರೆ ಕಾಯಿಲೆಯವರ ಮಕ್ಕಳಲ್ಲಿ ಬಹುಪಾಲು ಮಂದಿಗೆ ಬರುವುದಿಲ್ಲ. ಇದು ಪಾಪದ ಫಲವಲ್ಲ, ಸೋಮಾರಿತನವಲ್ಲ, ಮಾಟವೂ ಅಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ತಮಿಳುನಾಡೂ ಸೇರಿದಂತೆ 12 ರಾಜ್ಯಗಳಲ್ಲಿ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಅದರ ಪ್ರಕಾರ ಸುಮಾರು 200 ಮಂದಿ ವಯಸ್ಕರಲ್ಲಿ ಒಬ್ಬರಿಗೆ ಜೀವನದಲ್ಲಿ ಎಂದಾದರೂ ಈ ಕಾಯಿಲೆ ಬಂದಿರುತ್ತದೆ. ಅವರಲ್ಲಿ ಹತ್ತಕ್ಕೆ ಏಳು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಭಾನುವಾರದ ಪೂಜೆಗೆ ಗುಡಿ ತುಂಬಿದ ದಿನ ನಮ್ಮ ನಡುವೆಯೇ ಒಬ್ಬಿಬ್ಬರು ಇರಬಹುದು ಎಂದು ಇದರ ಅರ್ಥ.

ಲಕ್ಷಣಗಳನ್ನು ಹೀಗೆ ಗುರುತಿಸಿ

ಹುರುಪಿನ ಮುಖ: ಈ ಬದಲಾವಣೆಗಳು ಒಂದು ವಾರ ಎಡೆಬಿಡದೆ ಕಂಡರೆ ಎಚ್ಚರವಾಗಬೇಕು. ನಡವಳಿಕೆ ಕೈಮೀರಿದರೆ ಒಂದು ವಾರವೂ ಕಾಯಬೇಡಿ.

1. ಎರಡು ಮೂರು ಗಂಟೆ ಮಲಗಿ ಎದ್ದರೂ ದಣಿವೇ ಇಲ್ಲದಿರುವುದು. ಇದು ಎಲ್ಲಕ್ಕಿಂತ ಮುಖ್ಯ.
2. ಮಾತು ವೇಗವಾಗುವುದು, ನಡುವೆ ಬಾಯಿ ಹಾಕಲು ಬಿಡದಿರುವುದು, ಒಂದು ವಿಷಯದಿಂದ ಇನ್ನೊಂದಕ್ಕೆ ಹಾರುವುದು.
3. ತನ್ನಿಂದ ಆಗದ್ದಿಲ್ಲ ಎಂಬ ಭಾವನೆ. ತನಗೆ ವಿಶೇಷ ಶಕ್ತಿ ಬಂದಿದೆ, ದೇವರು ತನಗೊಬ್ಬನಿಗೇ ಹೇಳುತ್ತಿದ್ದಾನೆ ಎನ್ನುವುದು.
4. ಲೆಕ್ಕವಿಲ್ಲದ ಖರ್ಚು, ದಾನ, ಸಾಲ, ಹೊಸ ವ್ಯಾಪಾರ, ಜಮೀನು ಮಾರುವ ಆತುರ.
5. ಸಣ್ಣ ಮಾತಿಗೂ ಸಿಟ್ಟು, ಹೊಡೆದಾಟ, ಮೊದಲಿಲ್ಲದ ಕುಡಿತ, ಹೆಣ್ಣುಗಂಡಿನ ವಿಷಯದಲ್ಲಿ ಮರ್ಯಾದೆ ಮೀರುವುದು.

ಮಂಕಿನ ಮುಖ: ಎರಡು ವಾರ ದಿನವಿಡೀ ಬೇಸರ, ಮೊದಲು ಇಷ್ಟವಾಗಿದ್ದ ಕೆಲಸವೂ ಬೇಡವಾಗುವುದು, ನಿದ್ದೆ, ಹಸಿವು ಕೆಡುವುದು ಅಥವಾ ಮಿತಿಮೀರುವುದು, ಕೈಕಾಲು ಭಾರ, ತಪ್ಪು ಮಾಡಿದೆನೆಂಬ ಕೊರಗು, ಸಾವಿನ ಮಾತು.

ಹಾಗಾದರೆ ಉತ್ಸಾಹದಿಂದ ದುಡಿಯುವವರೆಲ್ಲ ರೋಗಿಗಳೇ? ಅಲ್ಲವೇ ಅಲ್ಲ. ನಿಜವಾಗಿ ದುಡಿದವನಿಗೆ ರಾತ್ರಿ ಕಣ್ಣು ಎಳೆಯುತ್ತದೆ. ಅವನು ಹಿಡಿದ ಕೆಲಸ ಮುಗಿಸಿ ಇನ್ನೊಂದಕ್ಕೆ ಕೈ ಹಾಕುತ್ತಾನೆ, ಹೆಂಡತಿ ಬೇಡವೆಂದರೆ ನಿಂತು ಯೋಚಿಸುತ್ತಾನೆ. ಕಾಯಿಲೆಯ ಹುರುಪಿನಲ್ಲಿ ಹತ್ತು ಕೆಲಸ ಶುರುವಾಗುತ್ತವೆ, ಒಂದೂ ಮುಗಿಯುವುದಿಲ್ಲ. ನೋಡಬೇಕಾದದ್ದು ಪಕ್ಕದ ಮನೆಯವನಿಗಿಂತ ಇವನು ಹೇಗೆ ಬೇರೆ ಎಂದಲ್ಲ; ಇವನು ತನ್ನ ಮೊದಲಿನ ಸ್ವಭಾವದಿಂದ ಎಷ್ಟು ಬದಲಾದ ಎಂದು. ಅದನ್ನು ಮನೆಯವರಷ್ಟು ಚೆನ್ನಾಗಿ ಯಾವ ವೈದ್ಯರೂ ಹೇಳಲಾರರು. ಹೊರಗೆ ತಮಿಳು ಆಡುವಾಗ ಹಿಡಿತದಲ್ಲಿರುವವನು ಮನೆಗೆ ಬಂದು ಕನ್ನಡದಲ್ಲಿ ಮಾತಿಗಿಳಿದಾಗ ಅವನ ಮಾತಿನ ಓಟ ಮೊದಲು ಗೊತ್ತಾಗುವುದು ತಾಯಿಗೆ, ಹೆಂಡತಿಗೆ.

ಹೆಂಗಸರ ವಿಷಯದಲ್ಲಿ ಇನ್ನೊಂದು ಮಾತು. ಹೆರಿಗೆಯಾದ ಮೊದಲ ವಾರಗಳಲ್ಲಿ ಬಾಣಂತಿ ಮಗು ಮಲಗಿದಾಗಲೂ ಮಲಗದೆ, ಅಸಂಬದ್ಧವಾಗಿ ಮಾತಾಡತೊಡಗಿದರೆ ನಮ್ಮ ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದರು. ಎಷ್ಟೋ ಸಲ ಅದು ಇದೇ ಕಾಯಿಲೆಯ ಮೊದಲ ಪ್ರಕಟಣೆ. ಗಾಳಿ ಸೋಕಿದೆ ಎಂದು ಕಾಯದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ತಾಯಿ, ಮಗು ಇಬ್ಬರ ಜೀವವೂ ಅಲ್ಲಿದೆ.

ಮನೆಯವರು ಮಾಡಬೇಕಾದದ್ದು

ಮೊದಲನೆಯದು, ನಿದ್ದೆಯ ಲೆಕ್ಕ. ಅನುಮಾನ ಬಂದ ದಿನದಿಂದ ಕ್ಯಾಲೆಂಡರಿನಲ್ಲಿ ಬರೆಯಿರಿ: ಎಷ್ಟು ಗಂಟೆ ನಿದ್ದೆ, ಹುರುಪೋ ಮಂಕೋ, ಎಷ್ಟು ಖರ್ಚು. ಡಾಕ್ಟರ ಬಳಿ ಹೋಗುವಾಗ ಅದನ್ನು ತೆಗೆದುಕೊಂಡು ಹೋಗಿ.

ಎರಡನೆಯದು, ಮಂಕಿನ ಕಾಲದಲ್ಲಿ ಹೋದಾಗ ಹಿಂದಿನ ಹುರುಪಿನ ಕಾಲವನ್ನು ಮರೆಯದೆ ಹೇಳಿ. ಖಿನ್ನತೆಯ ಮಾತ್ರೆಯನ್ನು ಮಾತ್ರ ಕೊಟ್ಟರೆ ಈ ಕಾಯಿಲೆಯವರಲ್ಲಿ ಕೆಲವರು ಉನ್ಮಾದಕ್ಕೆ ಏರಿಬಿಡುತ್ತಾರೆ. ನಮ್ಮ ಮನೆಯಲ್ಲಿ ಆದದ್ದು ಇದೇ. ತಪ್ಪು ಹೇಳದೆ ಉಳಿದ ನಮ್ಮದು.

ಮೂರನೆಯದು, ಜಮೀನು. ಹುರುಪಿನಲ್ಲಿರುವವನ ಜೊತೆ ವಾದಿಸಿ ಗೆಲ್ಲಲಾಗುವುದಿಲ್ಲ. "ಬೇಡ" ಎನ್ನುವುದಕ್ಕಿಂತ "ಹಬ್ಬ ಕಳೆಯಲಿ, ಆಮೇಲೆ ನೋಡೋಣ" ಎಂದು ದಿನ ದೂಡುವುದು ಮೇಲು. ಬುದ್ಧಿ ಸ್ಥಿಮಿತದಲ್ಲಿಲ್ಲದ ಹೊತ್ತಿನಲ್ಲಿ ಮಾಡಿದ ಕರಾರು ನಿಲ್ಲದು ಎಂದು 1872ರ ಕರಾರು ಕಾಯಿದೆ ಹೇಳುತ್ತದೆ ನಿಜ. ಆದರೆ ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡುವಷ್ಟರಲ್ಲಿ ಇನ್ನೊಂದು ಎಕರೆ ಕರಗುತ್ತದೆ. ಆರಾಮವಾಗಿರುವ ಕಾಲದಲ್ಲಿಯೇ ಅವರೊಡನೆ ಕೂತು, ದೊಡ್ಡ ಹಣದ ವಿಷಯಕ್ಕೆ ಮನೆಯಲ್ಲಿ ಇಬ್ಬರ ಒಪ್ಪಿಗೆ ಬೇಕು ಎಂದು ಮಾತಾಡಿಕೊಳ್ಳಿ. ನೆರೆಯವರಿಗೂ ಒಂದು ಬೇಡಿಕೆ: ನಿದ್ದೆಗೆಟ್ಟವನ ಜಮೀನನ್ನು ಅಗ್ಗಕ್ಕೆ ಬರೆಸಿಕೊಳ್ಳುವುದು ವ್ಯಾಪಾರವಲ್ಲ, ಕಳ್ಳತನ.

ನಾಲ್ಕನೆಯದು, ಮನೆಯಲ್ಲಿರುವ ಕ್ರಿಮಿನಾಶಕ. ಮಂಕಿನ ಕಾಲದಲ್ಲಿ ಸಾಯುವ ಯೋಚನೆ ಕ್ಷಣದಲ್ಲಿ ಬರುತ್ತದೆ. ಕೈಗೆ ಸಿಗುವ ಡಬ್ಬಿ ಇಲ್ಲದಿದ್ದರೆ ಎಷ್ಟೋ ಸಲ ಆ ಕ್ಷಣ ದಾಟಿಹೋಗುತ್ತದೆ. ಔಷಧದ ಡಬ್ಬಿಗಳನ್ನು ಮನೆಯಿಂದ ಹೊರಗೆ ಬೀಗದ ಪೆಟ್ಟಿಗೆಯಲ್ಲಿಡಿ, ಬೀಗದ ಕೈ ಬೇರೆಯವರ ಬಳಿ ಇರಲಿ. "ಸಾಯಬೇಕು ಅನ್ನಿಸುತ್ತಿದೆಯಾ?" ಎಂದು ನೇರವಾಗಿ ಕೇಳಿ. ಕೇಳಿದರೆ ಯೋಚನೆ ಹುಟ್ಟುವುದಿಲ್ಲ, ಎದೆಯ ಭಾರ ಇಳಿಯುತ್ತದೆ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮಾತ್ರೆ, ಬಿಸಿಲು ಮತ್ತು ರಾತ್ರಿಯ ನೀರು

ಈ ಕಾಯಿಲೆಗೆ ಹಳೆಯ, ನಂಬಿಕೆಯ ಮದ್ದು ಲಿಥಿಯಂ. ಅದರ ಗುಣವನ್ನು 1949ರಲ್ಲಿ ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಪ್ರಕಟಿಸಿದರು. ಅದು ಒಂದು ಬಗೆಯ ಲವಣ. ರಕ್ತದಲ್ಲಿ ಅದರ ಪ್ರಮಾಣ ಕಡಿಮೆಯಾದರೆ ಫಲವಿಲ್ಲ, ಹೆಚ್ಚಾದರೆ ವಿಷ. ಆದ್ದರಿಂದ ಡಾಕ್ಟರು ಹೇಳಿದಾಗ ರಕ್ತ ಪರೀಕ್ಷೆ ಮಾಡಿಸಲೇಬೇಕು. ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆಯೂ ಬೇಕು.

ಬಿಸಿಲಿನಲ್ಲಿ ದುಡಿಯುವ ನಾವು ತಿಳಿಯಬೇಕಾದ ವಿಷಯ ಇಲ್ಲಿದೆ. ಬೆವರು ಹರಿದು ಮೈಯ ನೀರು ಬತ್ತಿದರೆ, ವಾಂತಿಭೇದಿಯಾದರೆ, ರಕ್ತದಲ್ಲಿ ಲಿಥಿಯಂ ಏರುತ್ತದೆ. ಊಟದ ಉಪ್ಪನ್ನು ಇದ್ದಕ್ಕಿದ್ದಂತೆ ಬಿಟ್ಟರೂ ಏರುತ್ತದೆ. ಮೈಕೈ ನೋವೆಂದು ಅಂಗಡಿಯಲ್ಲಿ ಕೇಳಿ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳಿಂದಲೂ, ಬಿಪಿಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಏರುತ್ತದೆ. ಕೈ ಜೋರಾಗಿ ನಡುಗಿದರೆ, ನಡಿಗೆ ತೂರಾಡಿದರೆ, ಮಾತು ತೊದಲಿದರೆ, ವಾಂತಿಭೇದಿ ಶುರುವಾದರೆ ಮುಂದಿನ ಮಾತ್ರೆ ಕೊಡದೆ ಕೂಡಲೇ ಆಸ್ಪತ್ರೆಗೆ ಹೋಗಿ. ತೋಟಕ್ಕೆ ಹೊರಟಾಗ ಕುಡಿಯುವ ನೀರು ಜೊತೆಗಿರಲಿ. ಲಿಥಿಯಂ ಹಿಡಿಸದವರಿಗೆ ಬೇರೆ ಮದ್ದುಗಳೂ ಇವೆ. ಅವುಗಳಲ್ಲಿ ವಾಲ್ಪ್ರೊಯೇಟ್ ಎಂಬುದು ಹೊಟ್ಟೆಯಲ್ಲಿರುವ ಮಗುವಿಗೆ ಕೆಡುಕು ಮಾಡುತ್ತದೆ. ಮಗು ಹೆರುವ ವಯಸ್ಸಿನ ಹೆಣ್ಣುಮಕ್ಕಳು ಡಾಕ್ಟರಲ್ಲಿ ಮೊದಲೇ ಕೇಳಿ ತಿಳಿಯಬೇಕು.

ಆರಾಮಾದ ಮೇಲೆ ಮಾತ್ರೆ ಬಿಡುವುದು ಎಲ್ಲರೂ ಮಾಡುವ ತಪ್ಪು. ಚಿಕ್ಕಪ್ಪನೂ ಒಮ್ಮೆ ಬಿಟ್ಟರು. ಎರಡು ತಿಂಗಳಲ್ಲಿ ಹುರುಪು ಮರಳಿತು. ನೀರು ಇಳಿಯಿತೆಂದು ಕೆರೆಯ ಏರಿಯನ್ನು ಕೀಳುತ್ತೇವೆಯೇ? ಮಾತ್ರೆ ಆ ಏರಿಯ ಹಾಗೆ. ನಿಲ್ಲಿಸುವುದೋ ಕಡಿಮೆ ಮಾಡುವುದೋ ಡಾಕ್ಟರು ಹೇಳಲಿ.

ನಿದ್ದೆಗೇಡು ಈ ಕಾಯಿಲೆಯನ್ನು ಕೆರಳಿಸುತ್ತದೆ. ಕರೆಂಟು ರಾತ್ರಿ ಬಂದಾಗ ಪಂಪು ಹಾಕುವುದು, ರಾತ್ರಿ ನೀರಿನ ಸರದಿ, ಏಲಕ್ಕಿ ಒಣಗಿಸುವ ಬೆಂಕಿ ಕಾಯುವುದು, ಇವನ್ನು ಅಣ್ಣತಮ್ಮಂದಿರು ಹಂಚಿಕೊಂಡು ಕಾಯಿಲೆಯವರಿಗೆ ಹಗಲಿನ ಕೆಲಸ ಬಿಡಿ. ನಮ್ಮ ಮನೆಯಲ್ಲಿ ಚಿಕ್ಕಪ್ಪನ ರಾತ್ರಿ ಸರದಿಯನ್ನು ಇಂದಿಗೂ ನಮ್ಮ ತಮ್ಮ ನೋಡುತ್ತಾನೆ. ಅದಕ್ಕೆ ಖರ್ಚೇನೂ ಇಲ್ಲ.

ಸಂಕೋಲೆ ಬೇಡ, ಆಸ್ಪತ್ರೆ ಇದೆ

2001ರ ಆಗಸ್ಟ್ 6ರ ಬೆಳಗಿನ ಜಾವ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನಿಟ್ಟಿದ್ದ ಒಂದು ಗುಡಿಸಲು ಮನೆಗೆ ಬೆಂಕಿ ಬಿತ್ತು. ರೋಗಿಗಳ ಕಾಲಿಗೆ ಸಂಕೋಲೆ ಹಾಕಿದ್ದರಿಂದ ಅವರು ಓಡಲಾರದೆ ಹೋದರು. 28 ಮಂದಿ ಸತ್ತರು. ಅಂಥ ಕಡೆ ತಮ್ಮವರನ್ನು ಬಿಟ್ಟುಬಂದವರು ಕ್ರೂರಿಗಳಲ್ಲ. ದಾರಿ ಕಾಣದೆ ದಣಿದ, ನಮ್ಮಂಥ ಸಂಸಾರಸ್ಥರು. ಇಂದು ದಾರಿ ಇದೆ. 2017ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಗೆ ಸಂಕೋಲೆ ಹಾಕುವುದನ್ನು ನಿಷೇಧಿಸಿದೆ. ಸಾಯಲು ಯತ್ನಿಸಿ ಬದುಕಿದವರನ್ನು ಅಪರಾಧಿಯಂತೆ ಕಾಣದೆ, ತೀವ್ರ ಮನೋವೇದನೆಯಲ್ಲಿದ್ದವರೆಂದು ಕಾಣಬೇಕೆಂದೂ ಅದು ಹೇಳುತ್ತದೆ.

ಪ್ರಾರ್ಥನೆ ಬೇಡವೇ ಎಂದು ಕೆಲವರು ಕೇಳಬಹುದು. ಪ್ರಾರ್ಥಿಸಿ, ಆದರೆ ಡಾಕ್ಟರ ಬಾಗಿಲಿಗೆ ಹೋಗುವ ದಾರಿಯಲ್ಲಿ ಪ್ರಾರ್ಥಿಸಿ. ದೆವ್ವ ಬಿಡಿಸುವ ವಿಧಿಗೆ ಧರ್ಮಾಧ್ಯಕ್ಷರ ಅನುಮತಿ ಬೇಕು, ಅದಕ್ಕೂ ಮುಂಚೆ ಇದು ಕಾಯಿಲೆಯಲ್ಲವೆಂದು ಖಚಿತವಾಗಬೇಕು ಎಂಬುದು ನಮ್ಮ ಧರ್ಮಸಭೆಯದೇ ನಿಯಮ. ರೋಗಿಗಳ ಪಾಲಕರೆಂದು ನಾವು ಗೌರವಿಸುವ ಸಂತ ಜಾನ್ ಆಫ್ ಗಾಡ್ ಅವರನ್ನೇ 16ನೇ ಶತಮಾನದಲ್ಲಿ ಗ್ರನಾಡಾ ಪಟ್ಟಣದಲ್ಲಿ ಹುಚ್ಚನೆಂದು ಕೂಡಿಹಾಕಿ ಹೊಡೆದಿದ್ದರು. ಹೊರಬಂದ ಮೇಲೆ ಅವರು ತಮ್ಮ ಜೀವನವನ್ನೆಲ್ಲ ರೋಗಿಗಳನ್ನು ದಯೆಯಿಂದ ನೋಡಿಕೊಳ್ಳುವುದಕ್ಕೆ ಮುಡಿಪಿಟ್ಟರು.

ಹಳ್ಳಿಯಲ್ಲಿ ಇಂಥ ಚಿಕಿತ್ಸೆ ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ಕನ್ನಡದ ಒಂದು ರೈತ ಜಿಲ್ಲೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಕೆಲವೇ ಬಗೆಯ ಮಾತ್ರೆಗಳಿಂದ ಮಾನಸಿಕ ರೋಗಗಳನ್ನು ಊರಿನ ಹತ್ತಿರವೇ ನೋಡಬಹುದೆಂದು ತೋರಿಸಿದರು. ಅದರ ಮಾದರಿಯಲ್ಲಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಮಗೆ ತೇನಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ಅಲ್ಲಿ ಮನೋರೋಗ ವಿಭಾಗವಿದೆ. ಇನ್ನೂ ದೂರವೆಂದರೆ ಮಧುರೈಯ ಸರ್ಕಾರಿ ರಾಜಾಜಿ ಆಸ್ಪತ್ರೆ. ಹೋಗುವ ಮೊದಲು ಕೇಳಬೇಕೆಂದರೆ 14416 ಸಂಖ್ಯೆಗೆ ಫೋನು ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಈ ಟೆಲಿ ಮಾನಸ್ ಸೇವೆ ಹಗಲು ರಾತ್ರಿ ಉಚಿತ. ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಮಾತಾಡಬಹುದು.

ಕೊನೆಯ ಮಾತು

ಮಂಕು ಕವಿದವನನ್ನು ಕಂಡರೆ ನಮಗೆ ಕನಿಕರವಾದರೂ ಬರುತ್ತದೆ. ಹುರುಪಿನಲ್ಲಿ ತೇಲುವವನನ್ನು ಕಂಡು ಚಪ್ಪಾಳೆ ತಟ್ಟುತ್ತೇವೆ. ಮನೆ ಮುಳುಗುವುದು ಆಗಲೇ. ಅವನು ಜೋರಾಗಿರುವಾಗ ಹೊಗಳಿ, ಬಿದ್ದಾಗ ಬೈಯುವ ಊರಾಗುವುದು ಬೇಡ. ಅವನು ನಿದ್ದೆ ಮಾಡಿದನೇ ಎಂದು ಕೇಳುವ ಊರಾಗೋಣ.

ಚಿಕ್ಕಪ್ಪನಿಗೆ ಈಗ ಅರವತ್ತು ದಾಟಿದೆ. ಉಳಿದ ಒಂದೂವರೆ ಎಕರೆಯಲ್ಲಿ ತೆಂಗಿದೆ, ನಡುವೆ ಬಾಳೆ ಇದೆ. ರಾತ್ರಿ ಒಂಬತ್ತಕ್ಕೆ ಮಾತ್ರೆ ನುಂಗಿ ಮಲಗುತ್ತಾರೆ. ಬೆಳಿಗ್ಗೆ ಚಿಕ್ಕಮ್ಮ ಹಾಲು ಕರೆದು ಬಂದು ಕ್ಯಾಲೆಂಡರಿನಲ್ಲಿ ಎರಡು ಲೆಕ್ಕ ಬರೆಯುತ್ತಾರೆ: ಹಾಲು ಇಷ್ಟು ಲೀಟರು, ನಿದ್ದೆ ಇಷ್ಟು ಗಂಟೆ. ನಿಮ್ಮ ಮನೆಯ ಗೋಡೆಯ ಮೇಲೂ ಒಂದು ಕ್ಯಾಲೆಂಡರು ಇದೆಯಲ್ಲವೇ? ಅಗತ್ಯ ಬಂದ ದಿನ ಅದರಲ್ಲಿ ಆ ಎರಡನೆಯ ಲೆಕ್ಕಕ್ಕೂ ಜಾಗ ಮಾಡಿಕೊಳ್ಳಿ.